ಐರ್ಲೆಂಡಿನ ಡಿ ವೆಲೆರಾ: ಒಂದು ಪ್ರಮಾಣವಚನದ ಬೆಲೆ

ಐರ್ಲೆಂಡು ನಮ್ಮ ವಾಚಕರಿಗೆ ಹೊಸ ಹೆಸರಲ್ಲ. ನಮ್ಮ ಸ್ವಾತಂತ್ರ್ಯ ಸಂಗ್ರಾಮದ ದಿನಗಳಲ್ಲಿ ಆ ಸಣ್ಣ ದ್ವೀಪದಿಂದ ಬರುತ್ತಿದ್ದ ತಂತಿ ವರ್ತಮಾನಗಳನ್ನು ನಮ್ಮ ಹಿರಿಯರು ಸ್ವಂತ ಮನೆಯ ಸುದ್ದಿಯೆಂಬಷ್ಟು ಆಸ್ಥೆಯಿಂದ ಓದುತ್ತಿದ್ದರು. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಲ್ಲಿ ಒಂದು ಕೊರಳು ಕೊಡಹಿದರೆ ಇನ್ನೊಂದಕ್ಕೆ ಅದರ ಜಗ್ಗು ತಿಳಿಯದೆ ಇರುವುದಿಲ್ಲವಷ್ಟೆ. ಆ ದೇಶದ ಮುಂದಾಳುಗಳಲ್ಲಿ ಎಲ್ಲರಿಗಿಂತ ದೀರ್ಘಕಾಲ ಅಧಿಕಾರದಲ್ಲಿದ್ದು, ಎಲ್ಲರಿಗಿಂತ ಹೆಚ್ಚು ಭಕ್ತಿಯನ್ನೂ ಅಷ್ಟೇ ದ್ವೇಷವನ್ನೂ ಗಳಿಸಿದವರು ಎಮನ್ ಡಿ ವೆಲೆರಾ. ಸುಮಾರು ಇಪ್ಪತ್ತೊಂದು ವರ್ಷ ಅವರು ಐರಿಷ್ ಸರಕಾರದ ಮುಖ್ಯಸ್ಥರಾಗಿದ್ದರು; ಆ ಬಳಿಕ ಹದಿನಾಲ್ಕು ವರ್ಷ ರಾಷ್ಟ್ರಾಧ್ಯಕ್ಷರಾಗಿದ್ದರು. 1975ರ ಆಗಸ್ಟ್ 29ರಂದು ತೊಂಬತ್ತೆರಡರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಮೇಲಣ ವಾದವಿವಾದಗಳು ಮಾತ್ರ ಅವರೊಡನೆ ಮಣ್ಣಾಗಲಿಲ್ಲ.

ನಾವು ಈ ಹೊತ್ತು ಅವರ ಚರಿತ್ರವನ್ನು ಎತ್ತಿಕೊಂಡಿರುವುದು ಬರಿಯ ಗುಣಗಾನಕ್ಕಾಗಿ ಅಲ್ಲ. ಪ್ರಜಾಸತ್ತೆಯಲ್ಲಿ ನಡೆಯುವ ಪ್ರತಿಯೊಂದು ದೇಶವನ್ನೂ ಒಂದಿಲ್ಲೊಂದು ದಿನ ಕಾಡತಕ್ಕ ಪ್ರಶ್ನೆಯೊಂದು ಅವರ ಬಾಳಿನ ನಡುವೆ ನಿಂತಿದೆ. ಬಹುಮತದ ತೀರ್ಪು ತನ್ನ ಮನಸ್ಸಾಕ್ಷಿಗೆ ಎದುರಾಗಿ ಬಂದಾಗ ದೇಶಭಕ್ತನಾದವನು ಏನು ಮಾಡತಕ್ಕದ್ದು? ಡಿ ವೆಲೆರಾರವರು ಈ ಪ್ರಶ್ನೆಗೆ ತಮ್ಮ ಜೀವಮಾನದಲ್ಲಿ ಎರಡು ಸಲ, ಎರಡು ಬಗೆಯ ಉತ್ತರ ಕೊಟ್ಟರು. ಮೊದಲನೆಯ ಉತ್ತರ 1922ರದು, ಎರಡನೆಯದು 1927ರದು. ಅವುಗಳ ನಡುವಣ ಐದು ವರ್ಷಗಳಲ್ಲಿ ಐರ್ಲೆಂಡು ತೆತ್ತ ಬೆಲೆಯನ್ನು ಲೆಕ್ಕ ಹಾಕದೆ ಅವರ ಹಿರಿಮೆಯನ್ನಾಗಲಿ ದೋಷವನ್ನಾಗಲಿ ತೂಗಲು ಬರುವುದಿಲ್ಲ.

ಡಿ ವೆಲೆರಾರವರು 1882ರ ಅಕ್ಟೋಬರ್ 14ರಂದು ನ್ಯೂಯಾರ್ಕ್ ಪಟ್ಟಣದಲ್ಲಿ ಹುಟ್ಟಿದರು. ತಾಯಿ ಕ್ಯಾಥರೀನ್ ಕಾಲ್, ಲಿಮರಿಕ್ ಪ್ರಾಂತದ ಬ್ರೂರೀ ಎಂಬ ಹಳ್ಳಿಯಿಂದ ಹೊಟ್ಟೆಪಾಡಿಗಾಗಿ ಸಮುದ್ರ ದಾಟಿ ಹೋಗಿದ್ದ ಹೆಣ್ಣುಮಗಳು. ತಂದೆ ಸ್ಪೇನ್ ಮೂಲದವರು. ತಂದೆ ಬೇಗನೆ ಗತಿಸಿದ್ದರಿಂದ, 1885ರಲ್ಲಿ, ಇನ್ನೂ ಮೂರು ತುಂಬದ ಕೂಸನ್ನು ಸೋದರಮಾವನ ಕೈಯಲ್ಲಿ ಕೊಟ್ಟು ತವರಿಗೆ ಕಳಿಸಲಾಯಿತು. ಕೂಲಿಕಾರರ ಸಣ್ಣ ಮನೆಯಲ್ಲಿ ಅಜ್ಜಿಯ ಮತ್ತು ಮಾವನ ಆಸರೆಯಲ್ಲಿ ಬೆಳೆದ ಹುಡುಗ ಹಸು ಮೇಯಿಸಿದನು, ಮೈಲುಗಟ್ಟಲೆ ನಡೆದು ಚಾರ್ಲ್‌ವಿಲ್ಲಿನ ಶಾಲೆಗೆ ಹೋದನು, ವಿದ್ಯಾರ್ಥಿವೇತನ ಸಂಪಾದಿಸಿ 1898ರಲ್ಲಿ ಡಬ್ಲಿನ್ನಿನ ಸಮೀಪದ ಬ್ಲ್ಯಾಕ್‌ರಾಕ್ ವಿದ್ಯಾಲಯವನ್ನು ಸೇರಿದನು. ಗಣಿತವು ಆತನ ಪ್ರೀತಿಯ ವಿಷಯ. ಮುಂದೆ ಅದನ್ನೇ ಕಲಿಸುವ ಉಪಾಧ್ಯಾಯ ವೃತ್ತಿಯೂ ದೊರೆಯಿತು. ಮಾತಿನ ಅರ್ಥವನ್ನು ಎಳೆಎಳೆಯಾಗಿ ಬಿಡಿಸುವ, ಒಂದು ಪದದ ಹೆಚ್ಚುಕಡಿಮೆಯನ್ನೂ ಸಹಿಸದ ಗಣಿತಜ್ಞನ ಸ್ವಭಾವವು ಅವರನ್ನು ಕಡೆಯವರೆಗೂ ಬಿಡಲಿಲ್ಲ.

1908ರಲ್ಲಿ ಅವರು ಗೇಲಿಕ್ ಭಾಷಾ ಸಂಘವನ್ನು ಸೇರಿದರು. ಇಂಗ್ಲಿಷಿನ ಭಾರದಡಿಯಲ್ಲಿ ಸಾಯುತ್ತಿದ್ದ ಸ್ವಭಾಷೆಯನ್ನು ಉಳಿಸುವ ಹಂಬಲವು ಅವರ ರಾಜಕಾರಣಕ್ಕೆ ಮೊದಲ ಮೆಟ್ಟಿಲಾಯಿತು. ಅಲ್ಲಿ ಭಾಷೆ ಕಲಿಸುತ್ತಿದ್ದ ಸಿನೇಡ್ ಎಂಬಾಕೆಯನ್ನು 1910ರಲ್ಲಿ ವಿವಾಹವಾದರು. 1913ರಲ್ಲಿ ಐರಿಷ್ ಸ್ವಯಂಸೇವಕ ದಳವು ಸ್ಥಾಪನೆಯಾದಾಗ ಈ ಎತ್ತರದ, ಮಿತಭಾಷಿಯಾದ ಗಣಿತದ ಮೇಷ್ಟರು ಹೆಸರು ಕೊಟ್ಟು ಸೇರಿದರು. ಮೂರು ವರ್ಷಗಳೊಳಗೆ ಅವರ ಕೈಯಲ್ಲಿ ಒಂದು ದಳದ ನಾಯಕತ್ವವಿದ್ದಿತು.

1916ರ ಏಪ್ರಿಲ್ 24ರಂದು, ಈಸ್ಟರ್ ಹಬ್ಬದ ಸೋಮವಾರ, ಡಬ್ಲಿನ್ನಿನಲ್ಲಿ ಬಂಡಾಯವು ಸಿಡಿದೆದ್ದಿತು. ಡಿ ವೆಲೆರಾರವರು ಬೋಲಂಡರ ರೊಟ್ಟಿ ಕಾರಖಾನೆಯಲ್ಲಿ ಬೀಡುಬಿಟ್ಟು ನಗರದ ಆಗ್ನೇಯದ ಹಾದಿಗಳನ್ನು ಕಾದರು. ಒಂದು ವಾರದೊಳಗೆ ಎಲ್ಲವೂ ಮುಗಿಯಿತು. ಸೈನಿಕ ನ್ಯಾಯಾಲಯಗಳು ಸರಸರನೆ ಮರಣದಂಡನೆಗಳನ್ನು ವಿಧಿಸಿದವು. ಮೇ 3ರಿಂದ 12ರವರೆಗೆ ಹದಿನೈದು ಜನರನ್ನು ಗುಂಡಿಟ್ಟು ಕೊಂದರು. ಡಬ್ಲಿನ್ನಿನ ನಾಲ್ಕು ದಳಗಳ ನಾಯಕರಲ್ಲಿ ಮೂವರು ಹೀಗೆ ಮಡಿದರು, ಉಳಿದವರು ಇವರೊಬ್ಬರೇ. ಅಮೆರಿಕೆಯಲ್ಲಿ ಹುಟ್ಟಿದ್ದೇ ಅವರ ಪ್ರಾಣವನ್ನು ಉಳಿಸಿತೆಂದು ಜನರು ಬಹುಕಾಲ ನಂಬಿದ್ದರು. ನಮಗೆ ತೋರುವ ಮಟ್ಟಿಗೆ, ಅವರ ಸರದಿ ಬರುವಷ್ಟರಲ್ಲಿ ಈ ಕೊಲೆಗಳಿಂದ ಐರ್ಲೆಂಡಿನಲ್ಲೂ ಅಮೆರಿಕೆಯಲ್ಲೂ ಎದ್ದ ಕೋಪಕ್ಕೆ ಲಂಡನ್ನಿನ ಮಂತ್ರಿಗಳು ಅಂಜಿದ್ದೇ ಮುಖ್ಯ ಕಾರಣ. ಬಂಡಾಯದ ದಿನ ಬಂಡಾಯಗಾರರನ್ನು ಬೈದ ನಗರವಾಸಿಗಳೇ ಆ ಹತ್ತು ದಿನಗಳ ತರುವಾಯ ಅವರನ್ನು ಹುತಾತ್ಮರೆಂದು ಪೂಜಿಸತೊಡಗಿದರು. ದಬ್ಬಾಳಿಕೆಯ ಸರಕಾರಗಳಿಗೆ ಈ ಪಾಠವು ಎಷ್ಟು ಸಲ ಕಲಿಸಿದರೂ ಹತ್ತುವುದಿಲ್ಲ.

1917ರ ಜೂನ್ ತಿಂಗಳಲ್ಲಿ ಇಂಗ್ಲಂಡಿನ ಸೆರೆಮನೆಯಿಂದ ಬಿಡುಗಡೆಯಾಗಿ ಬಂದ ಅವರನ್ನು ಈಸ್ಟ್ ಕ್ಲೇರ್ ಮತದಾರರು ಜುಲೈ 10ರ ಉಪಚುನಾವಣೆಯಲ್ಲಿ ಆರಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಸಿನ್ ಫೇನ್ ಪಕ್ಷದ ಅಧ್ಯಕ್ಷ ಪದವಿ ಅವರದಾಯಿತು. 1918ರ ಡಿಸೆಂಬರಿನ ಸಾರ್ವತ್ರಿಕ ಚುನಾವಣೆಯಲ್ಲಿ ಐರ್ಲೆಂಡಿನ 105 ಸ್ಥಾನಗಳಲ್ಲಿ 73 ಸಿನ್ ಫೇನಿಗೆ ಬಂದವು. ಗೆದ್ದವರು ಲಂಡನ್ನಿಗೆ ಹೋಗಲೊಲ್ಲದೆ 1919ರ ಜನವರಿ 21ರಂದು ಡಬ್ಲಿನ್ನಿನಲ್ಲೇ ಡಾಯ್ಲ್ ಎಂಬ ತಮ್ಮ ಲೋಕಸಭೆಯನ್ನು ಕೂಡಿಸಿದರು. ಆಗ ಡಿ ವೆಲೆರಾರವರು ಲಿಂಕನ್ ಪಟ್ಟಣದ ಸೆರೆಮನೆಯಲ್ಲಿದ್ದರು. ಪಾದ್ರಿಯ ಬೀಗದಕೈಯ ಅಚ್ಚನ್ನು ಮೇಣದಲ್ಲಿ ಒತ್ತಿ ಹೊರಗೆ ಕಳಿಸಿ, ಕೇಕುಗಳಲ್ಲಿ ಅಡಗಿಸಿ ತಂದ ಬೀಗದಕೈಯಿಂದ ಬಾಗಿಲು ತೆರೆದು, ಫೆಬ್ರವರಿ 3ರ ರಾತ್ರಿ ಅವರು ಪಾರಾದ ಕಥೆಯನ್ನು ಐರ್ಲೆಂಡಿನ ಮಕ್ಕಳು ಕೂಡ ಬಲ್ಲರು. ಹೊರಗೆ ಕಾದು ನಿಂತಿದ್ದವರಲ್ಲಿ ಮೈಕೇಲ್ ಕಾಲಿನ್ಸರು ಒಬ್ಬರು. ಆ ಇಬ್ಬರ ಹೆಸರುಗಳು ಮುಂದೆ ಎರಡು ಪಕ್ಷಗಳ ನಿಶಾನೆಗಳಾಗುವವೆಂದು ಆ ರಾತ್ರಿ ಯಾರು ಎಣಿಸಿದ್ದರು?

ಏಪ್ರಿಲ್ 1ರಂದು ಡಾಯ್ಲ್ ಸಭೆಯು ಅವರನ್ನು ಸರಕಾರದ ಅಧ್ಯಕ್ಷರನ್ನಾಗಿ ಆರಿಸಿತು. ಜೂನ್ ತಿಂಗಳಲ್ಲಿ ಅವರು ಗುಪ್ತವಾಗಿ ಅಮೆರಿಕೆಗೆ ಹೋಗಿ ಸುಮಾರು ಒಂದೂವರೆ ವರ್ಷ ಅಲ್ಲಿಯೇ ಉಳಿದು, ಐರಿಷ್ ಗಣರಾಜ್ಯದ ಹೆಸರಿನ ಸಾಲಪತ್ರಗಳನ್ನು ಮಾರಿ 50 ಲಕ್ಷ ಡಾಲರುಗಳಿಗೂ ಹೆಚ್ಚು ಹಣ ಕೂಡಿಸಿದರು. ನಮ್ಮವರು ಮರೆಯಬಾರದ ಸಂಗತಿಯೊಂದು ಈ ಪ್ರವಾಸದಲ್ಲಿ ನಡೆಯಿತು. 1920ರ ಫೆಬ್ರವರಿ 28ರಂದು ನ್ಯೂಯಾರ್ಕಿನಲ್ಲಿ ಭಾರತ ಸ್ವಾತಂತ್ರ್ಯದ ಮಿತ್ರರ ಕೂಟದ ಮುಂದೆ ಮಾತಾಡಿ, ಭಾರತದ ಹೋರಾಟವೂ ಐರ್ಲೆಂಡಿನ ಹೋರಾಟವೂ ಒಂದೇ ಎಂದು ಅವರು ಸಾರಿದರು. ಆ ಭಾಷಣವು ಪುಸ್ತಿಕೆಯಾಗಿ ಅಚ್ಚಾಯಿತು. ಆಗ ಭಾರತಕ್ಕಾಗಿ ಬಹಿರಂಗವಾಗಿ ಬಾಯಿ ತೆರೆಯುವ ಪರದೇಶದ ಮುಂದಾಳುಗಳು ಬೆರಳೆಣಿಕೆಯಷ್ಟೇ ಇದ್ದರು.

ಇತ್ತ ಐರ್ಲೆಂಡಿನಲ್ಲಿ ಹೊಂಚುದಾಳಿಯ ಯುದ್ಧವು ಬಲಿತು ಎರಡು ಕಡೆಯವರೂ ದಣಿದ ಮೇಲೆ 1921ರ ಜುಲೈ 11ರಂದು ಕದನವಿರಾಮವಾಯಿತು. ಡಿ ವೆಲೆರಾರವರು ಲಂಡನ್ನಿಗೆ ಹೋಗಿ ಪ್ರಧಾನಿ ಲಾಯ್ಡ್ ಜಾರ್ಜರನ್ನು ಕಂಡು ಬಂದರು. ಆದರೆ ಅಕ್ಟೋಬರಿನಲ್ಲಿ ನಿಜವಾದ ಸಂಧಾನವು ಮೊದಲಾದಾಗ ತಾವು ಹೋಗದೆ ಆರ್ಥರ್ ಗ್ರಿಫಿತ್, ಮೈಕೇಲ್ ಕಾಲಿನ್ಸ್ ಮೊದಲಾದವರನ್ನು ಕಳಿಸಿದರು. ಮನೆಯಲ್ಲಿದ್ದ ಉಗ್ರರನ್ನು ಹಿಡಿತದಲ್ಲಿಡಲು ತಾವು ಡಬ್ಲಿನ್ನಿನಲ್ಲೇ ಇರಬೇಕಾಯಿತೆಂದು ಅವರು ಸಮಾಧಾನ ಹೇಳುತ್ತಿದ್ದರು. ಗಣರಾಜ್ಯವು ದೊರೆಯದೆಂದು ಅರಿತು, ಕಹಿ ಗುಟುಕನ್ನು ಬೇರೆಯವರಿಗೆ ಕುಡಿಸಿದರೆಂದು ವಿರೋಧಿಗಳು ಆಡಿಕೊಂಡರು. ಅವರ ಅಂತರಂಗವನ್ನು ಬಗೆದು ನೋಡುವ ಅಧಿಕಾರ ನಮಗಿಲ್ಲ. ಆದರೆ ಮುಂದಾಳು ಸಂಧಾನದ ಮೇಜಿನಿಂದ ದೂರ ಉಳಿದು, ಕೈಗೆ ಬಂದ ಫಲವನ್ನು ಆಮೇಲೆ ಒದೆಯುವುದು ಒಳ್ಳೆಯ ರಾಜನೀತಿಯಲ್ಲವೆಂದು ಹೇಳಲು ನಾವು ಹಿಂದೆಗೆಯಲಾರೆವು.

1921ರ ಡಿಸೆಂಬರ್ 6ರಂದು ಸಹಿಯಾದ ಒಪ್ಪಂದದಿಂದ ಇಪ್ಪತ್ತಾರು ಜಿಲ್ಲೆಗಳಿಗೆ ಕೆನಡಾ ದೇಶಕ್ಕಿದ್ದಂತಹ ವಸಾಹತು ಸ್ವರಾಜ್ಯವು ದೊರೆಯಿತು. ಉತ್ತರದ ಆರು ಜಿಲ್ಲೆಗಳು ಬೇರೆಯಾಗಿಯೇ ಉಳಿಯುವ ಹಾದಿ ತೆರೆದಿತ್ತು. ಮೂರು ಬಂದರುಗಳು ಬ್ರಿಟಿಷ್ ನೌಕಾಪಡೆಯ ಕೈಯಲ್ಲಿಯೇ ಉಳಿದವು. ಲೋಕಸಭೆಯ ಪ್ರತಿಯೊಬ್ಬ ಸದಸ್ಯನೂ ಇಂಗ್ಲಂಡಿನ ಅರಸನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಾಗಿತ್ತು. ವಿಚಿತ್ರವೆಂದರೆ, ಡಾಯ್ಲ್ ಸಭೆಯ ದೀರ್ಘ ಚರ್ಚೆಯಲ್ಲಿ ನಾಡಿನ ವಿಭಜನೆಯ ಬಗ್ಗೆ ಆಡಿದ ಮಾತು ಕೊಂಚ. ಪ್ರಮಾಣವಚನದ ಬಗ್ಗೆ ಆಡಿದ ಮಾತೇ ಬಹಳ. ಡಿ ವೆಲೆರಾರವರು ಬದಲಿಯಾಗಿ ಇನ್ನೊಂದು ಸೂತ್ರವನ್ನು ಮುಂದಿಟ್ಟರು. ಅದೆಂತೆಂದರೆ, ಐರ್ಲೆಂಡು ಒಳಗೆ ಗಣರಾಜ್ಯವಾಗಿರುವುದು. ಹೊರಗಿನ ಸಮಾನ ವ್ಯವಹಾರಗಳಲ್ಲಿ ಮಾತ್ರ ಬ್ರಿಟಿಷ್ ಕೂಟದೊಡನೆ ಸಹಚರನಾಗಿ ನಡೆಯುವುದು. ಇದು ಗಣಿತದ ಮೇಷ್ಟರ ಕೂದಲು ಸೀಳುವ ಜಾಣ್ಮೆಯೆಂದು ಆಗ ಎರಡು ಕಡೆಯವರೂ ತಳ್ಳಿಹಾಕಿದರು. 1922ರ ಜನವರಿ 7ರಂದು 64ಕ್ಕೆ 57 ಮತಗಳಿಂದ ಒಪ್ಪಂದವು ಮಂಜೂರಾಯಿತು. ಡಿ ವೆಲೆರಾರವರು ಅಧ್ಯಕ್ಷ ಪದವಿಯನ್ನು ಬಿಟ್ಟರು. ಮತ್ತೆ ಆರಿಸಬೇಕೆಂಬ ಸೂಚನೆಯೂ ಎರಡೇ ಮತಗಳಿಂದ ಬಿದ್ದುಹೋಯಿತು.

ಇಲ್ಲಿಯೇ ಅವರ ಬಾಳಿನ ಮೊದಲನೆಯ ಪರೀಕ್ಷೆ. ಸಭೆಯ ತೀರ್ಪು ಬಂದಿತ್ತು. ಜೂನ್ ತಿಂಗಳ ಚುನಾವಣೆಯಲ್ಲಿ ಜನತೆಯ ತೀರ್ಪೂ ಬಂದಿತು. ಒಪ್ಪಂದದ ಪಕ್ಷಕ್ಕೆ 58 ಸ್ಥಾನ, ವಿರೋಧಿಗಳಿಗೆ 36. ಉಳಿದ 34 ಸ್ಥಾನಗಳನ್ನು ಪಡೆದ ಕಾರ್ಮಿಕರು, ರೈತರು, ಸ್ವತಂತ್ರರು ಬಹುತೇಕ ಒಪ್ಪಂದವನ್ನು ಒಪ್ಪಿಕೊಂಡವರು. ಆದರೂ ಡಿ ವೆಲೆರಾರವರು ಆ ತೀರ್ಪಿಗೆ ತಲೆಬಾಗಲಿಲ್ಲ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಊರೂರು ತಿರುಗಿ, ಒಪ್ಪಂದವು ನಿಂತರೆ ಅಣ್ಣತಮ್ಮಂದಿರ ರಕ್ತ ಹರಿಯುವುದೆಂಬ ಅರ್ಥದ ಭಾಷಣಗಳನ್ನು ಮಾಡಿದರು. ತಾವು ಕೊಟ್ಟದ್ದು ಎಚ್ಚರಿಕೆಯೆಂದು ಅವರು ಹೇಳಿಕೊಂಡರೂ ಬಂದೂಕು ಹಿಡಿದ ತರುಣರ ಕಿವಿಗೆ ಅದು ಅಪ್ಪಣೆಯಾಗಿ ಕೇಳಿಸಿರಬೇಕು. ಜೂನ್ 28ರಂದು ಡಬ್ಲಿನ್ನಿನ ನ್ಯಾಯಸ್ಥಾನದ ಕಟ್ಟಡಗಳಲ್ಲಿ ಬೀಡುಬಿಟ್ಟಿದ್ದ ವಿರೋಧಿ ಸೈನಿಕರ ಮೇಲೆ ಸರಕಾರದ ಫಿರಂಗಿಗಳು ಹಾರಿದವು, ಅಂತರ್ಯುದ್ಧವು ಹೊತ್ತಿಕೊಂಡಿತು.

ಆ ಹತ್ತು ಹನ್ನೊಂದು ತಿಂಗಳುಗಳ ಕಥೆ ಬರೆಯಲು ಯಾವ ಲೇಖನಿಗೂ ಉತ್ಸಾಹ ಬರದು. ಕಟ್ಟಡಗಳ ಜೊತೆಗೆ ನಾಡಿನ ದಫ್ತರಖಾನೆಯೂ ಉರಿದುಹೋಗಿ, ಹದಿಮೂರನೆಯ ಶತಮಾನದಿಂದ ಕೂಡಿಟ್ಟಿದ್ದ ಕಾಗದಪತ್ರಗಳು ಬೂದಿಯಾದವು. ಆಗಸ್ಟ್ 12ರಂದು ಗ್ರಿಫಿತರು ಆಯಾಸದಿಂದ ಕುಸಿದು ಸತ್ತರು. 22ರಂದು ಕಾಲಿನ್ಸರು ತಮ್ಮ ಹುಟ್ಟು ಪ್ರಾಂತದಲ್ಲಿಯೇ ಸ್ವದೇಶೀಯರ ಹೊಂಚಿನ ಗುಂಡಿಗೆ ಬಲಿಯಾದರು. ಹೊಸ ಸರಕಾರವೂ ಕಠೋರವಾಯಿತು. ಅದು ಮರಣದಂಡನೆ ಕೊಟ್ಟು ಕೊಂದ ಸ್ವದೇಶೀಯರ ಸಂಖ್ಯೆ 77ಕ್ಕೆ ಕಡಿಮೆಯಿಲ್ಲ. 1916ರಲ್ಲಿ ಬ್ರಿಟಿಷರು ಗುಂಡಿಟ್ಟವರ ಸಂಖ್ಯೆಯೊಡನೆ ಇದನ್ನು ಹೋಲಿಸಿದರೆ ಮನಸ್ಸು ಅಳುಕುತ್ತದೆ. ಈ ಯುದ್ಧವನ್ನು ಡಿ ವೆಲೆರಾರವರೇ ನಡೆಸಿದರೆಂದು ಹೇಳುವುದು ನ್ಯಾಯವಲ್ಲ. ಬಂದೂಕಿನ ಕೈಗಳು ಅವರ ಮಾತಿಗೆ ಅಷ್ಟಾಗಿ ಕಿವಿಗೊಡುತ್ತಿರಲಿಲ್ಲ. ಆದರೆ ಅವರ ಹೆಸರಿನ ನೆರಳು ಆ ಕೈಗಳಿಗೆ ದೊರೆಯಿತು. 1923ರ ಮೇ ತಿಂಗಳಲ್ಲಿ ಶಸ್ತ್ರಗಳನ್ನು ಕೆಳಗಿಟ್ಟರು. ಆಗಸ್ಟ್ 15ರಂದು ಎನಿಸ್ ಪಟ್ಟಣದ ಚುನಾವಣಾ ಸಭೆಯಲ್ಲಿ ಅವರ ಬಂಧನವಾಯಿತು. ಸುಮಾರು ಒಂದು ವರ್ಷ ಸ್ವಂತ ದೇಶದ ಸರಕಾರದ ಸೆರೆಯಲ್ಲಿ ಕಳೆದರು.

ಬೇರೆ ಯಾವನಾದರೂ ಆಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಸೆರೆಮನೆಯಿಂದ ಹೊರಬಂದ ಡಿ ವೆಲೆರಾರವರು ಎರಡು ವರ್ಷ ಆಲೋಚಿಸಿದರು. ಡಾಯ್ಲಿನೊಳಗೆ ಕಾಲಿಡದೆ ಹೊರಗೆ ನಿಂತು ಶಪಿಸುವ ಪಕ್ಷಕ್ಕೆ ಭವಿಷ್ಯವಿಲ್ಲವೆಂದು ಅರಿತು, 1926ರಲ್ಲಿ ಸಿನ್ ಫೇನನ್ನು ಬಿಟ್ಟು ಫಿಯಾನಾ ಫಾಯ್ಲ್ ಎಂಬ ಹೊಸ ಪಕ್ಷವನ್ನು ಕಟ್ಟಿದರು. ಆದರೆ ಪ್ರಮಾಣವಚನವು ಬಾಗಿಲಿಗೆ ಅಡ್ಡಲಾಗಿ ನಿಂತಿತ್ತು. 1927ರ ಜುಲೈ 10ರಂದು ಮಂತ್ರಿ ಕೆವಿನ್ ಓಹಿಗಿನ್ಸರ ಕೊಲೆಯಾದ ಮೇಲೆ, ಗೆದ್ದರೆ ಸಭೆಯಲ್ಲಿ ಕೂಡುವೆವೆಂದು ಮಾತು ಕೊಡದ ಉಮೇದುವಾರರು ಚುನಾವಣೆಗೆ ನಿಲ್ಲಕೂಡದೆಂದು ಸರಕಾರವು ಕಾನೂನು ತಂದಿತು. ಆಗಸ್ಟ್ ತಿಂಗಳಲ್ಲಿ ಡಿ ವೆಲೆರಾರವರು ಅನುಯಾಯಿಗಳೊಡನೆ ಡಾಯ್ಲಿಗೆ ನಡೆದರು. ಬೈಬಲನ್ನು ದೂರ ಸರಿಸಿ, ಪ್ರಮಾಣದ ಬರೆಹವನ್ನು ಮುಚ್ಚಿ, ತಾವು ಪ್ರಮಾಣ ಮಾಡುತ್ತಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುತ್ತಿರುವೆವಷ್ಟೇ ಎಂದು ಹೇಳಿ ಸಹಿ ಮಾಡಿದರು.

ವಾಚಕರೇ, ಈ ಸಹಿಯ ಮುಂದೆ ಕ್ಷಣಕಾಲ ನಿಲ್ಲಬೇಕು. ಅದು ಅರ್ಥವಿಲ್ಲದ ಬರಿಯ ವಿಧಿಯಾಗಿದ್ದರೆ 1922ರಲ್ಲಿಯೂ ಹಾಗೆಯೇ ಇದ್ದಿತಲ್ಲವೇ? ಆಗಲೇ ಹೀಗೆ ಸಹಿ ಮಾಡಿ ಒಳಹೊಕ್ಕಿದ್ದರೆ ಕಾಲಿನ್ಸರೂ ನೂರಾರು ತರುಣರೂ ಉಳಿಯುತ್ತಿರಲಿಲ್ಲವೇ? ಅವರ ವಿರೋಧಿಗಳು ಜೀವಮಾನವಿಡೀ ಕೇಳಿದ ಈ ಪ್ರಶ್ನೆಗೆ ಅವರಿಂದ ತೃಪ್ತಿಕರವಾದ ಉತ್ತರ ಬಂದಂತೆ ನಮಗೆ ತೋರುವುದಿಲ್ಲ. ತಪ್ಪನ್ನು ಬಾಯಿಬಿಟ್ಟು ಒಪ್ಪುವ ಸ್ವಭಾವ ಅವರದಾಗಿರಲಿಲ್ಲ. ಆದರೆ ಐದು ವರ್ಷ ತಡವಾಗಿಯಾದರೂ ಸರಿಯಾದ ಬಾಗಿಲಿನಿಂದ ಒಳಹೊಕ್ಕರಲ್ಲ, ಅದರ ಮಹತ್ವವನ್ನೂ ಕಡಿಮೆಯೆಣಿಸಬಾರದು. ಅವರೊಡನೆ ಅಂತರ್ಯುದ್ಧದಲ್ಲಿ ಸೋತ ಸಾವಿರಾರು ಜನರು ಕಾಡುಮೇಡನ್ನು ಬಿಟ್ಟು ಮತಪೆಟ್ಟಿಗೆಯ ಕಡೆಗೆ ತಿರುಗಿದರು.

1932ರ ಫೆಬ್ರವರಿ ಚುನಾವಣೆಯಲ್ಲಿ ಅವರ ಪಕ್ಷಕ್ಕೆ 153ರಲ್ಲಿ 72 ಸ್ಥಾನಗಳು ಬಂದವು. ಹತ್ತು ವರ್ಷಗಳ ಹಿಂದೆ ಒಬ್ಬರನ್ನೊಬ್ಬರು ಬೇಟೆಯಾಡಿದವರು ಈಗ ಗಾದಿ ಬಿಟ್ಟುಕೊಡಬೇಕು, ಏರಬೇಕು. ಸೈನ್ಯವು ಅಡ್ಡ ಬರುವುದೆಂಬ ಗುಲ್ಲು ಹಬ್ಬಿತ್ತು. ಮಾರ್ಚ್ 9ರಂದು ಡಾಯ್ಲಿಗೆ ಬಂದ ಹೊಸ ಪಕ್ಷದ ಕೆಲವು ಸದಸ್ಯರ ಜೇಬಿನಲ್ಲಿ ಪಿಸ್ತೂಲುಗಳಿದ್ದುವೆಂದೂ ಹೇಳುತ್ತಾರೆ. ಏನೂ ಆಗಲಿಲ್ಲ. ಹತ್ತು ವರ್ಷ ರಾಜ್ಯವಾಳಿದ ಕಾಸ್ಗ್ರೇವರು ಜನತೆಯ ತೀರ್ಪಿಗೆ ಮಣಿದು ಎದ್ದು ಎದುರುಪಕ್ಷದ ಪೀಠಕ್ಕೆ ನಡೆದರು. ಕಾರ್ಮಿಕ ಪಕ್ಷದ ಏಳು ಸದಸ್ಯರ ಬೆಂಬಲದಿಂದ ಡಿ ವೆಲೆರಾರವರು ಅಧಿಕಾರ ವಹಿಸಿದರು. ತಮ್ಮನ್ನು ಸೆರೆಗೆ ತಳ್ಳಿದ ಸರಕಾರದ ಕಾರ್ಯದರ್ಶಿಗಳನ್ನೂ ಸೈನ್ಯಾಧಿಕಾರಿಗಳನ್ನೂ ಅವರು ಗುಂಪಾಗಿ ಹೊರಹಾಕಲಿಲ್ಲ. ಹಿಂದಿನ ಮಂತ್ರಿಗಳಿಗೆ ದುಡಿದ ಕಾರಕೂನರೇ ಹೊಸ ಮಂತ್ರಿಗಳಿಗೂ ಕಡತಗಳನ್ನು ಒಪ್ಪಿಸಿದರು. ಐರಿಷ್ ಪ್ರಜಾಸತ್ತೆಯು ಹುಟ್ಟಿದ ದಿನ ಯಾವುದೆಂದು ಯಾರಾದರೂ ಕೇಳಿದರೆ ನಾವು ಬಂಡಾಯದ ದಿನಕ್ಕಿಂತಲೂ ಈ ದಿನವನ್ನೇ ತೋರಿಸುವೆವು. ಕೀರ್ತಿಯಲ್ಲಿ ಕಾಸ್ಗ್ರೇವರಿಗೆ ಸಲ್ಲಬೇಕಾದ ಅರ್ಧಪಾಲನ್ನು ಯಾರೂ ಕಸಿದುಕೊಳ್ಳಲಾಗದು.

ಅಧಿಕಾರಕ್ಕೆ ಬಂದ ಡಿ ವೆಲೆರಾರವರು ಯಾವ ಒಪ್ಪಂದವನ್ನು ಬಂದೂಕಿನಿಂದ ಕೆಡವಲಾಗಲಿಲ್ಲವೋ ಅದನ್ನು ಕಾನೂನಿನಿಂದ ಒಂದೊಂದೇ ಇಟ್ಟಿಗೆಯಾಗಿ ಕಿತ್ತರು. 1933ರಲ್ಲಿ ಪ್ರಮಾಣವಚನವು ಹೋಯಿತು. 1936ರಲ್ಲಿ ಇಂಗ್ಲಂಡಿನ ಅರಸನು ಪದತ್ಯಾಗ ಮಾಡಿದ ಸಂಧಿಯನ್ನು ಸಾಧಿಸಿ ಐರ್ಲೆಂಡಿನ ಒಳಾಡಳಿತದಿಂದ ಅರಸನ ಹೆಸರನ್ನೇ ತೆಗೆದುಹಾಕಿದರು. ಹಿಂದೆ ಜಮೀನುದಾರರಿಂದ ಹೊಲ ಕೊಳ್ಳಲು ರೈತರಿಗೆ ಕೊಟ್ಟಿದ್ದ ಸಾಲದ ಕಂತುಗಳನ್ನು ಲಂಡನ್ನಿಗೆ ಕಳಿಸುವುದನ್ನು 1932ರಲ್ಲಿಯೇ ನಿಲ್ಲಿಸಿದ್ದರು. ಬ್ರಿಟನ್ನು ಐರಿಷ್ ದನಕರುಗಳ ಮೇಲೆ ಭಾರಿ ಸುಂಕ ಹೇರಿತು. ಆರು ವರ್ಷ ವ್ಯಾಪಾರದ ಯುದ್ಧ ನಡೆಯಿತು. ಕೊಳ್ಳುವವರಿಲ್ಲದೆ ಕರುಗಳನ್ನು ಕೊಂದು ಚರ್ಮವನ್ನಷ್ಟೇ ಇಟ್ಟುಕೊಳ್ಳುವ ದುರ್ದಿನಗಳನ್ನು ಐರಿಷ್ ರೈತನು ಕಂಡನು. ಕಡೆಗೆ 1938ರ ಏಪ್ರಿಲ್ 25ರ ಕೌಲಿನಿಂದ ಒಂದು ಕೋಟಿ ಪೌಂಡುಗಳನ್ನು ಒಂದೇ ಗಂಟಿನಲ್ಲಿ ಕೊಟ್ಟು ಎಲ್ಲ ಬಾಕಿಯನ್ನೂ ತೀರಿಸಿಕೊಂಡರು. ಅದರೊಡನೆ ಮೂರು ಬಂದರುಗಳೂ ಮರಳಿ ಬಂದವು. ಒಂದು ಗುಂಡೂ ಹಾರದೆ ದೊರೆತ ಈ ಬಂದರುಗಳೇ ಅವರ ರಾಜನೀತಿಯ ಅತಿ ದೊಡ್ಡ ಗೆಲುವೆಂದು ನಮ್ಮ ಎಣಿಕೆ.

1937ರ ಜುಲೈ 1ರಂದು ಜನತೆಯ ಮತಕ್ಕೆ ಹಾಕಿ, 6,85,105ಕ್ಕೆ 5,26,945 ಮತಗಳಿಂದ ಮಂಜೂರು ಮಾಡಿಸಿದ ರಾಜ್ಯಘಟನೆಯು ಅವರ ಇನ್ನೊಂದು ಸ್ಮಾರಕ. ಸರಕಾರದ ಮುಖ್ಯಸ್ಥನಿಗೆ ಅಂದಿನಿಂದ ಟೀಷಖ್, ಎಂದರೆ ನಾಯಕ, ಎಂಬ ಗೇಲಿಕ್ ಹೆಸರು ಬಂದಿತು. ಬಹುಸಂಖ್ಯಾತರೆಲ್ಲ ಕ್ಯಾಥೋಲಿಕರಾಗಿದ್ದರೂ ಮೊದಲನೆಯ ರಾಷ್ಟ್ರಾಧ್ಯಕ್ಷರಾಗಿ ಪ್ರಾಟೆಸ್ಟೆಂಟ್ ಮತದ ವಿದ್ವಾಂಸ ಡಗ್ಲಸ್ ಹೈಡರು ಸರ್ವಾನುಮತದಿಂದ ಆರಿಸಿ ಬಂದರು. ಆದರೆ ಅದೇ ಘಟನೆಯು ಕ್ಯಾಥೋಲಿಕ್ ಮಠಕ್ಕೆ ವಿಶೇಷ ಸ್ಥಾನವನ್ನು ಕೊಟ್ಟಿತು, ವಿವಾಹವಿಚ್ಛೇದನವನ್ನು ನಿಷೇಧಿಸಿತು, ಹೆಂಗಸಿನ ಸ್ಥಾನವು ಮನೆಯೆಂಬ ಧ್ವನಿಯನ್ನು ಮೂಲಕಾನೂನಿನಲ್ಲೇ ಸೇರಿಸಿತು. 1916ರಲ್ಲಿ ಬಂದೂಕು ಹಿಡಿದು ನಿಂತಿದ್ದ ಹೆಂಗಸರು ಇದನ್ನು ಅಂದೇ ಪ್ರತಿಭಟಿಸಿದರು. ಇಡೀ ದ್ವೀಪವು ಒಂದೇ ರಾಷ್ಟ್ರವೆಂದು ಸಾರಿದ ಘಟನೆಯು ಉತ್ತರದ ಪ್ರಾಟೆಸ್ಟೆಂಟರಿಗೆ ಹೊಸ ಅಂಜಿಕೆಯನ್ನೇ ಹುಟ್ಟಿಸಿತು. ಮಠದ ವಿಶೇಷ ಸ್ಥಾನವು 1972ರಲ್ಲಿ ಹೋಯಿತು. ವಿಚ್ಛೇದನದ ನಿಷೇಧವು 1995ರ ಮತದಾನದಲ್ಲಿ ಬಿದ್ದಿತು. ಉತ್ತರದ ಮೇಲಿನ ಹಕ್ಕುದಾರಿಕೆಯನ್ನು 1998ರಲ್ಲಿ ಜನರೇ ಮತಕೊಟ್ಟು ಸಡಿಲಿಸಿದರು. ಘಟನೆಯ ಕಟ್ಟಡವು ನಿಂತಿದೆ, ಕಿಟಕಿಗಳು ಬದಲಾಗಿವೆ.

ಎರಡನೆಯ ಮಹಾಯುದ್ಧದಲ್ಲಿ ಅವರು ಹಿಡಿದ ತಾಟಸ್ಥ್ಯವು ಲೋಕದ ಕಣ್ಣನ್ನು ಐರ್ಲೆಂಡಿನತ್ತ ತಿರುಗಿಸಿತು. ಬಂದರುಗಳಿಗಾಗಿ ಚರ್ಚಿಲರು ಒತ್ತಾಯಿಸಿದರು. ಅಮೆರಿಕೆಯೂ ಕಣ್ಣು ಕೆಂಪಗೆ ಮಾಡಿತು. ಡಿ ವೆಲೆರಾರವರು ಅಲುಗಲಿಲ್ಲ. ತಾಟಸ್ಥ್ಯದ ಮರೆಯಲ್ಲಿ ಮಿತ್ರರಾಷ್ಟ್ರಗಳಿಗೆ ಹವೆಯ ವರದಿಗಳನ್ನು ಒದಗಿಸುತ್ತಿದ್ದರು. 1941ರಲ್ಲಿ ಬೆಲ್‌ಫಾಸ್ಟ್ ನಗರದ ಮೇಲೆ ಜರ್ಮನರ ಬಾಂಬುಗಳು ಬಿದ್ದಾಗ ಗಡಿ ದಾಟಿಸಿ ಅಗ್ನಿಶಾಮಕ ದಳಗಳನ್ನು ಕಳಿಸಿದರು. ತಮ್ಮ ಹಳೆಯ ಸಂಗಾತಿಗಳ ಗುಪ್ತಸೈನ್ಯವು ದೇಶವನ್ನು ಯುದ್ಧಕ್ಕೆ ಎಳೆಯಬಹುದೆಂದು ಕಂಡಾಗ ಅವರನ್ನು ಸೆರೆಗೆ ತಳ್ಳಿದರು, ಕೆಲವರಿಗೆ ಮರಣದಂಡನೆಯನ್ನೂ ಕೊಡಿಸಿದರು. 1922ರಲ್ಲಿ ಕಾಸ್ಗ್ರೇವರ ಪಕ್ಷದವರು ಹೊತ್ತ ಹೊರೆಯ ಭಾರವು ಅವರಿಗೆ ಆಗ ತಿಳಿದಿರಬೇಕು. ಆದರೆ 1945ರ ಮೇ 2ರಂದು ಹಿಟ್ಲರನ ಮರಣಕ್ಕಾಗಿ ಜರ್ಮನ್ ಪ್ರತಿನಿಧಿಯ ಮನೆಗೆ ಹೋಗಿ ಸಂತಾಪ ಸೂಚಿಸಿದ್ದನ್ನು ಶಿಷ್ಟಾಚಾರವೆಂಬ ಹೆಸರಿನಿಂದ ಸಮರ್ಥಿಸಲು ನಮ್ಮಿಂದಾಗದು. ವಿಧಿಯ ಅಕ್ಷರವನ್ನು ಕಾಯ್ದು ವಿವೇಕವನ್ನು ಕೈಬಿಟ್ಟ ದಿನವದು.

ಸ್ವಾತಂತ್ರ್ಯವನ್ನು ಗಳಿಸುವಲ್ಲಿ ಅವರಿಗಿದ್ದ ಕೌಶಲವು ಅದನ್ನು ಅನ್ನವಾಗಿ ಮಾರ್ಪಡಿಸುವಲ್ಲಿ ಇರಲಿಲ್ಲವೆಂಬುದನ್ನೂ ಹೇಳಲೇಬೇಕು. ಮಿತವಾದ ಬದುಕು, ಸಣ್ಣ ಒಕ್ಕಲುತನ, ಒಲೆಯ ಮುಂದೆ ಹಿರಿಯರ ಮಾತು, ಸ್ವಭಾಷೆಯ ನುಡಿ, ಇವುಗಳ ನಾಡೊಂದನ್ನು ಅವರು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದರು. ಆ ಕನಸು ಕೀಳಾದುದಲ್ಲ. ಆದರೆ ಆ ಒಲೆಯ ಮುಂದೆ ಕೂಡಬೇಕಾಗಿದ್ದ ಮಕ್ಕಳು ಹಡಗು ಹತ್ತುತ್ತಿದ್ದರು. 1950ರಿಂದ 1960ರವರೆಗಿನ ದಶಕದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು; 1961ರ ಖಾನೇಸುಮಾರಿಯಲ್ಲಿ ಜನಸಂಖ್ಯೆಯು ಸುಮಾರು 28 ಲಕ್ಷಕ್ಕೆ ಇಳಿದಿತ್ತು. ಗೇಲಿಕ್ ಭಾಷೆಯು ಶಾಲೆಗಳಲ್ಲಿ ಕಡ್ಡಾಯವಾಯಿತು, ಮನೆಗಳಲ್ಲಿ ಕ್ಷೀಣಿಸಿತು. ತಾವು 1931ರಲ್ಲಿ ಸ್ಥಾಪಿಸಿದ ಪತ್ರಿಕೆಯ ಮೇಲಿನ ಹಿಡಿತವು ಜನರ ಹಣದಿಂದ ಹುಟ್ಟಿ ತಮ್ಮ ಮನೆತನದ ಕೈಯಲ್ಲಿ ಉಳಿದ ಬಗ್ಗೆ ಅವರು ಡಾಯ್ಲಿನಲ್ಲಿ ಪ್ರಶ್ನೆಗಳನ್ನೂ ಎದುರಿಸಬೇಕಾಯಿತು. ಇನ್ನೊಂದು ಕಡೆ, 1940ರಲ್ಲಿ ಡಬ್ಲಿನ್ನಿನಲ್ಲಿ ಉನ್ನತ ಸಂಶೋಧನಾ ಸಂಸ್ಥೆಯನ್ನು ಕಟ್ಟಿಸಿ, ದೇಶಭ್ರಷ್ಟರಾಗಿದ್ದ ಭೌತವಿಜ್ಞಾನಿ ಶ್ರೋಡಿಂಗರರನ್ನು ಕರೆಸಿಕೊಂಡವರೂ ಈ ಗಣಿತದ ಮೇಷ್ಟರೇ.

1948ರಲ್ಲಿ ಹದಿನಾರು ವರ್ಷಗಳ ತರುವಾಯ ಸೋತರು. 1951ರಲ್ಲಿಯೂ 1957ರಲ್ಲಿಯೂ ಮತ್ತೆ ಗೆದ್ದರು. 1959ರ ಜೂನ್ 17ರಂದು ಜನರು ಅವರನ್ನು ರಾಷ್ಟ್ರಾಧ್ಯಕ್ಷರನ್ನಾಗಿ ಆರಿಸಿ, ಅದೇ ದಿನ ಚುನಾವಣಾ ಪದ್ಧತಿಯನ್ನು ಬದಲಿಸಬೇಕೆಂಬ ಅವರ ಸೂಚನೆಯನ್ನು ತಿರಸ್ಕರಿಸಿದರು. ವ್ಯಕ್ತಿಯನ್ನು ಗೌರವಿಸಿ ಅವನ ಇಚ್ಛೆಗೆ ಕಡಿವಾಣ ಹಾಕಿದ ಆ ಮತದಾರರ ಜಾಣ್ಮೆಯನ್ನು ಮೆಚ್ಚಬೇಕು. ಅವರ ಬಳಿಕ ಬಂದ ಲೆಮಾಸರು ದೇಶದ ಬಾಗಿಲುಗಳನ್ನು ಪರದೇಶದ ಬಂಡವಾಳಕ್ಕೂ ವ್ಯಾಪಾರಕ್ಕೂ ತೆರೆದರು. ಕಣ್ಣು ಬಹುಮಟ್ಟಿಗೆ ಕುರುಡಾಗಿದ್ದರೂ ಡಿ ವೆಲೆರಾರವರು 1973ರವರೆಗೆ, ತಮ್ಮ ತೊಂಬತ್ತರ ವಯಸ್ಸಿನವರೆಗೆ, ಆ ಪೀಠದಲ್ಲಿದ್ದರು.

ಭಾರತಕ್ಕೂ ಅವರಿಗೂ ಇದ್ದ ಸಂಬಂಧವು ಭಾಷಣದಲ್ಲಿ ಮುಗಿಯಲಿಲ್ಲ. 1936ರಲ್ಲಿ ಸುಭಾಷಚಂದ್ರ ಬೋಸರು ಡಬ್ಲಿನ್ನಿಗೆ ಹೋದಾಗ ಅವರನ್ನು ಆದರದಿಂದ ಬರಮಾಡಿಕೊಂಡರು. 1947ರಲ್ಲಿ ನಮ್ಮ ಘಟನಾಸಭೆಯ ಸಲಹೆಗಾರರೂ ನಮ್ಮ ಕರಾವಳಿಯ ಮನೆತನದವರೂ ಆದ ಬೆನೆಗಲ್ ನರಸಿಂಗ ರಾವ್ ಅವರು ಡಬ್ಲಿನ್ನಿಗೆ ಹೋಗಿ ಅವರೊಡನೆ ಸಮಾಲೋಚಿಸಿದರು. ನಮ್ಮ ಘಟನೆಯ ರಾಜ್ಯನೀತಿಯ ನಿರ್ದೇಶಕ ತತ್ತ್ವಗಳೂ ರಾಜ್ಯಸಭೆಗೆ ಹನ್ನೆರಡು ಗಣ್ಯರನ್ನು ನಾಮಕರಣ ಮಾಡುವ ಏರ್ಪಾಡೂ ಐರಿಷ್ ಮಾದರಿಯಿಂದ ಬಂದವು. ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. 1921ರಲ್ಲಿ ಎಲ್ಲರೂ ನಕ್ಕು ತಳ್ಳಿದ ಅವರ ಸೂತ್ರವಿತ್ತಲ್ಲ, ಒಳಗೆ ಗಣರಾಜ್ಯ, ಹೊರಗೆ ಕೂಟದ ಸಹಚರ್ಯ, ಅದಕ್ಕೆ ತೀರ ಹತ್ತಿರವಾದ ಏರ್ಪಾಡಿನಿಂದಲೇ 1949ರ ಏಪ್ರಿಲ್ ಕಡೆಯಲ್ಲಿ ಲಂಡನ್ನಿನ ಸಮ್ಮೇಳನವು ಗಣರಾಜ್ಯವಾಗಲಿದ್ದ ಭಾರತವನ್ನು ಕಾಮನ್‌ವೆಲ್ತಿನಲ್ಲಿ ಉಳಿಸಿಕೊಂಡಿತು. ಅದೇ ತಿಂಗಳ 18ರಂದು ಐರ್ಲೆಂಡು ಗಣರಾಜ್ಯವೆಂದು ಸಾರಿಕೊಂಡು ಆ ಕೂಟದಿಂದ ಹೊರನಡೆದಿತ್ತು. ಐರಿಷ್ ಮೇಷ್ಟರ ಸಮೀಕರಣವನ್ನು ಬಿಡಿಸಿದವರು ದಿಲ್ಲಿಯವರು.

ಅವರ ಮೊದಲನೆಯ ಉತ್ತರದ ಬೆಲೆಯನ್ನು ಐರ್ಲೆಂಡು ನೂರು ವರ್ಷ ತೆತ್ತಿತು. ಎರಡು ದೊಡ್ಡ ಪಕ್ಷಗಳು ತತ್ತ್ವದ ಅಂತರವು ಸವೆದುಹೋದ ಮೇಲೂ 1922ರ ಗಾಯದ ಗುರುತಿನಿಂದಲೇ ಒಂದನ್ನೊಂದು ದೂರ ಇಟ್ಟವು. 2020ರ ಜೂನ್ ತಿಂಗಳಲ್ಲಿ ಮಾತ್ರ ಆ ಎರಡರ ವಾರಸುದಾರರು ಮೊದಲ ಸಲ ಒಂದೇ ಮಂತ್ರಿಮಂಡಲದಲ್ಲಿ ಕುಳಿತರು. ಅಜ್ಜಂದಿರು ಗುಂಡು ಹಾರಿಸಿದ ಜಗಳವನ್ನು ಮೊಮ್ಮಕ್ಕಳು ಮೇಜಿನ ಮೇಲೆ ತೀರಿಸಿಕೊಂಡರು.

ಡಿ ವೆಲೆರಾರವರು ಧೀರರು, ನಿಷ್ಕಳಂಕವಾದ ದೇಶಪ್ರೇಮದವರು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಅಂತಹವರೂ ಸಭೆಯ ತೀರ್ಪಿಗಿಂತ ತಮ್ಮ ನಿಶ್ಚಯವೇ ದೊಡ್ಡದೆಂದು ಒಂದು ಸಲ ಬಗೆದುದರಿಂದ ನಾಡು ಉರಿಯಿತು. ಹೆಸರು ಬರೆದು ಸಭೆಯೊಳಗೆ ಕುಳಿತು ತಾಳ್ಮೆಯಿಂದ ಬಹುಮತವನ್ನು ಗಳಿಸಿದುದರಿಂದ, ತಾವು ಬಯಸಿದ್ದೆಲ್ಲ ಹನ್ನೊಂದು ವರ್ಷಗಳೊಳಗೆ ಬಹುಪಾಲು ಕೈಗೂಡಿತು. ಮತದಾನದಲ್ಲಿ ಸೋತ ದಿನ ಬೀದಿಗಿಳಿಯಬೇಕೆಂದು ಕೈ ತುರಿಸುವ ಎಲ್ಲ ಪಕ್ಷಗಳವರೂ, ಗೆದ್ದ ದಿನ ಹಿಂದಿನವರ ಮೇಲೆ ಸೇಡು ತೀರಿಸಬೇಕೆಂದು ಹಲ್ಲು ಕಡಿಯುವ ಎಲ್ಲ ಪಕ್ಷಗಳವರೂ, 1927ರ ಆ ಸಹಿಯನ್ನೂ 1932ರ ಆ ಮಾರ್ಚ್ ದಿನವನ್ನೂ ನೆನೆಯಲಿ.